ಹಿಮದ ಪ್ರವಾಸಕ್ಕೆ ಅಕ್ಕ ಬೇಡವಾದದ್ದು

ಐವತ್ತೆರಡನೇ ವಯಸ್ಸಿನಲ್ಲಿ ನನಗೆ ಹಿಮದ ಮೇಲೆ ಜಾರುವ ಚಪಲ ಹತ್ತಿತು. ಬೆಳಗಿನ ವಾಕಿಂಗಿನ ನಾವು ನಾಲ್ಕು ಮಂದಿ ಗೆಳೆಯರು ಹೆಂಡಂದಿರೊಂದಿಗೆ ಸ್ವಿಟ್ಜರ್ಲೆಂಡಿನ ಎತ್ತರದ ಬೆಟ್ಟದೂರಿಗೆ ಹೋಗಿ ಒಂದು ವಾರ ಸ್ಕೀಯಿಂಗ್ ಕಲಿಯುವುದೆಂದು ತೀರ್ಮಾನಿಸಿದೆವು. ಬಚ್ಚಲಲ್ಲಿ ಕಾಲು ಜಾರಿದರೇ ಮೂರು ದಿನ ನರಳುವವನು ನಾನು. ಆದರೂ ಪ್ರವಾಸದ ಯಜಮಾನಿಕೆ ನನ್ನದೇ. ಕೆ.ಬಿ. ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ತುಂಬ ನಕ್ಷೆ, ವೀಸಾ ಫಾರಂ, ಯಾರ ಬೂಟಿನ ಅಳತೆ ಎಷ್ಟೆಂಬ ಪಟ್ಟಿ.

ಅಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯಲ್ಲಿ ಎಂಟು ಮಂದಿ ಮಲಗಿದ ಮೇಲೂ ಒಂದು ಹಾಸಿಗೆ ಉಳಿಯುತ್ತಿತ್ತು. ಇದು ಹರಿಹರದ ಅಕ್ಕನಿಗೆ ಗೊತ್ತಾಯಿತು. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು, ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು. ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತಳಾದವಳು. ಇಷ್ಟು ವರ್ಷ ಆಲ್ಪ್ಸ್ ಪರ್ವತವನ್ನು ಸೀಮೆಸುಣ್ಣದಲ್ಲೇ ಬರೆದಿದ್ದೇನೆ, ಒಮ್ಮೆ ಕಣ್ಣಿಂದ ನೋಡುತ್ತೇನೆ ಎಂದಳು. ಖರ್ಚು ತನ್ನದೇ, ಜಾರುವುದೂ ಬೇಡ, ಕಿಟಕಿಯ ಹತ್ತಿರ ಕೂತರೆ ಸಾಕು ಎಂದಳು.

ನನಗೆ ಮೊದಲು ನೆನಪಾದದ್ದು ಅಕ್ಕನ ಪೂಜೆ. ಅಕ್ಕ ಸ್ನಾನ ಮಾಡಿ, ಹಣೆಗೂ ತೋಳಿಗೂ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಗಟ್ಟಿಯಾಗಿ ಮಂತ್ರ ಹೇಳಿ ಮುಗಿಸುವ ತನಕ ಹನಿ ನೀರು ಕುಡಿಯುವವಳಲ್ಲ. ಅದೂ ನಡುಮನೆಯಲ್ಲೇ ಆಗಬೇಕು. ಗೆಳೆಯರೋ, ನೈಟ್ ಪ್ಯಾಂಟಿನಲ್ಲಿ ಕಾಫಿ ಹಿಡಿದು ಇಂಗ್ಲಿಷ್ ಮಾತಾಡುವ ಜನ. ಅವರ ನಡುವೆ ಅಕ್ಕನನ್ನು ನೆನೆಸಿಕೊಂಡೇ ನನಗೆ ಮುಜುಗರವಾಯಿತು. ನಾನೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವನೇ. ನನ್ನದು ಅಂಗಿಯ ಒಳಗಿರುತ್ತದೆ, ಅಷ್ಟೇ.

ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ನಿನ್ನ ಹಳೆಯ ರಿಪೋರ್ಟನ್ನು ಪರಿಚಯದ ಡಾಕ್ಟರಿಗೆ ತೋರಿಸಿದೆ, ಅಷ್ಟು ಎತ್ತರದಲ್ಲಿ ನಿನ್ನ ಎದೆ ತಡೆಯುವುದಿಲ್ಲವಂತೆ ಎಂದು ಫೋನಿನಲ್ಲಿ ಹೇಳಿದೆ. ನಾನು ಯಾವ ಡಾಕ್ಟರಿಗೂ ಏನನ್ನೂ ತೋರಿಸಿರಲಿಲ್ಲ. ಹಾಗಾದರೆ ಬಿಡು ಎಂದಳು ಅಕ್ಕ.

ಮುಂದಿನ ವಾರ ದೇವರಾಜ ಅರಸು ಬಡಾವಣೆಯ ಗೆಳೆಯನ ಮನೆಯಲ್ಲಿ ಎಲ್ಲರೂ ಸೇರಿದೆವು. ರೂಮು ಹಂಚುವ ಮಾತು ಬಂದಾಗ ಗೆಳೆಯನ ಹೆಂಡತಿ, ತಾನು ಬೆಳಿಗ್ಗೆ ಆರಕ್ಕೆ ಹಾಲ್‌ನಲ್ಲಿ ಲಿಂಗಪೂಜೆಗೆ ಕೂರುವವಳು, ಮುಗಿಯುವವರೆಗೆ ಯಾರೂ ಟಿವಿ ಹಾಕುವಂತಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಆಗಲಿ ಎಂದರು ಎಲ್ಲರೂ. ಒಬ್ಬರು ತಾವೂ ಜೊತೆಗೆ ಕೂರುವುದಾಗಿ ಹೇಳಿದರು. ಆಮೇಲೆ ಆಕೆ ನನ್ನ ಕಡೆ ತಿರುಗಿ, ಒಂದು ಹಾಸಿಗೆ ಖಾಲಿ ಇದೆಯಲ್ಲ, ನಿಮ್ಮ ಅಕ್ಕನವರು ಬರುವುದಿಲ್ಲವೇ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಕೇಳಿದ್ದು ಒಂದು ಮಾತು, ನಾನು ಎತ್ತರ, ಉಸಿರು, ವಯಸ್ಸು ಎಂದು ಹತ್ತು ಮಾತು ಬಡಬಡಿಸಿದೆ.

ಮರುದಿನವೇ ಹರಿಹರಕ್ಕೆ ಹೋದೆ. ಸುಳ್ಳು ಹೇಳಿದ್ದೆ, ಡಾಕ್ಟರೂ ಇಲ್ಲ ಏನೂ ಇಲ್ಲ, ಜಾಗ ಇನ್ನೂ ಇದೆ, ಬಾ ಎಂದೆ. ಯಾಕೆ ಸುಳ್ಳು ಹೇಳಿದೆ ಎಂಬುದು ಮಾತ್ರ ಬಾಯಿಗೆ ಬರಲಿಲ್ಲ. ಅಕ್ಕ ಕೇಳಲೂ ಇಲ್ಲ.

“ನನಗೆ ಗೊತ್ತಪ್ಪ,” ಎಂದಳು. “ನೀನು ಫೋನ್ ಮಾಡಿದ ಮರುದಿನಾನೇ ದವಾಖಾನೆಗೆ ಹೋಗಿ ತೋರಿಸ್ಕಂಡು ಬಂದೆ. ಎದೆ ಗಟ್ಟಿ ಐತೆ ಅಂದ್ರು. ಆದ್ರೆ ಓಣಿ ಮಂದಿಗೆಲ್ಲ ಹೊಂಟೀನಿ ಅಂತ ಹೇಳಿಬಿಟ್ಟಿದ್ದೆ. ತಮ್ಮ ಬ್ಯಾಡ ಅಂದ ಅಂತ ಹೆಂಗೆ ಹೇಳ್ಲಿ? ನೀನು ಹೇಳಿದ್ದನ್ನೇ ಅವ್ರಿಗೂ ಹೇಳಿದೆ.”

ಈಗಲಾದರೂ ಬಾ ಎಂದು ಮತ್ತೆ ಕರೆದೆ. ನೀವು ಹೋಗಿ ಬರ್ರಿ ಎಂದು ಚಹಾ ಇಡಲು ಒಳಗೆ ಹೋದಳು. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ನೀರಿನ ಕೊಡ ಹೊತ್ತು ಬಂದರು. ಅಕ್ಕ ಭಾರ ಎತ್ತಬಾರದೆಂದು ಈಗ ಅವರೇ ನೀರು ತಂದಿಡುತ್ತಾರಂತೆ. ಕೊಡ ಇಳಿಸಿ, ದನಿ ತಗ್ಗಿಸಿ ಕೇಳಿದರು:

“ನಿಮ್ಮಕ್ಕಂದು ಎದೆ ಬಾಳ ವೀಕ್ ಐತಂತಲ್ರಿ. ನೀವೇ ಡಾಕ್ಟ್ರಿಗೆ ತೋರಿಸಿದ್ರಂತೆ, ಹೌದೇನ್ರಿ?”

ಒಳಗೆ ಪಾತ್ರೆಯ ಸದ್ದು ನಿಂತಿತು. ನಾನು ಹೌದು ಎಂದೆ.