ಹೊರಗೆ ಬೀಗವಿಲ್ಲದ ಬಾಗಿಲು

ನನ್ನ ತಮ್ಮ ಓಟು ಕೇಳುತ್ತ ನನ್ನ ಮನೆ ಮುಂದೆ ಬಂದು ನಿಂತಾಗ ನಾನು ಬಾಗಿಲು ತೆರೆಯಲಿಲ್ಲ. ಒಳಗೇ ಇದ್ದೆ. ಆರತಿ ತಟ್ಟೆಯಲ್ಲಿ ಬತ್ತಿ ಹೊಸೆದಿಟ್ಟಿದ್ದೆ, ಎಣ್ಣೆಯನ್ನೂ ಹಾಕಿದ್ದೆ. ಕಡ್ಡಿ ಮಾತ್ರ ಗೀರಲಿಲ್ಲ.

ನಾನು ಮೂರನೆಯ ತರಗತಿಗೇ ಸಾಲೆ ಬಿಟ್ಟವಳು. ಅವ್ವ ಕೂಲಿಗೆ ಹೋಗುವಾಗ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಕುರಿಗಳ ಹಿಂದೆ ಅಲೆದವಳು. ಅವನು ಬೀದರಿನಲ್ಲಿ ವಕೀಲಿ ಕಲಿತು, ಭಾಲ್ಕಿಯ ಕೋರ್ಟಿಗೆ ಮೊದಲ ಸಲ ಕರಿ ಕೋಟು ಹಾಕಿಕೊಂಡು ಹೊರಟಾಗ ಅಪ್ಪ ಅದರ ತೋಳನ್ನು ಬೆರಳಿನಿಂದ ಹಿಡಿದು ನೋಡಿದ್ದ. "ಕಂಬಳಿಗಿಂತ ತೆಳ್ಳಗದ. ಇದು ಚಳಿ ತಡೀತದೇನೋ?" ಅಂದಿದ್ದ.

ಅವನ ಹತ್ತಿರ ಬರುತ್ತಿದ್ದವು ಹೆಚ್ಚಾಗಿ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ. ಎರಡೂ ಕಡೆಯವರನ್ನು ಮನೆಗೆ ಕರೆದು ಒಂದೇ ಜಮಖಾನೆಯ ಮೇಲೆ ಕೂರಿಸಿ, "ಮೊದಲ ಚಹಾ ಕುಡೀರಿ, ಕಡೀಕ ಬೇಕಾದ್ರ ಬಡದಾಡ್ರಿ" ಅನ್ನುತ್ತಿದ್ದ. ಅವನ ಕೈಕೆಳಗಿನ ವಕೀಲರು ನಗುತ್ತಿದ್ದರು: "ಸಾಹೇಬರ, ನಿಮ್ಮ ಕೇಸೆಲ್ಲ ಚಹಾದಾಗೇ ಮುಳುಗ್ತಾವ. ನಾವು ಊಟಾ ಏನ್ ಮಾಡೂಣ್ರಿ?" ಹಾಗೆ ಚಹಾ ಕುಡಿದು ಹೋದವರೇ ಮುಂದೆ ಅವನನ್ನು ಚುನಾವಣೆಗೆ ನಿಲ್ಲಿಸಿದರು. ಗೆದ್ದ.

ಶಾಸಕನಾದ ಮೇಲೆ ದೊಡ್ಡ ಕೆಲಸ ಏನು ಮಾಡಿದ ಎಂದು ನನಗೆ ಹೇಳಲು ಬರುವುದಿಲ್ಲ. ಬೀದರಿನಿಂದ ನನ್ನ ಗಂಡನ ಊರು ಸಂತಪುರಕ್ಕೆ ಸಂಜೆಯ ಬಸ್ಸು ತಂದ. ಕಾಲೇಜಿಗೆ ಹೋದ ಹುಡುಗಿಯರು ಅದರಲ್ಲಿ ಬೆಳಕಿರುವಾಗಲೇ ಮನೆ ಸೇರುತ್ತಿದ್ದರು. ಇಷ್ಟು ನಾನು ಕಣ್ಣಾರೆ ಕಂಡದ್ದು.

ಅದೇ ಹೊತ್ತಿನಲ್ಲಿ ನನ್ನ ಗಂಡನ ಅಣ್ಣನಿಗೂ ಅವನಿಗೂ ಕೆಟ್ಟಿತು. ಭಾವ ಪಕ್ಕದ ಹೊಲದವನ ಬದು ಒತ್ತಿದ್ದ. ತಹಸೀಲ್ದಾರರಿಗೆ ಒಂದು ಮಾತು ಹೇಳು ಎಂದು ತಮ್ಮನನ್ನು ಕೇಳಿದ. "ಮಾವಾ, ಅವನೂ ನನಗ ಓಟ್ ಹಾಕ್ಯಾನ್ರಿ. ಇಬ್ಬರೂ ಬರ್ರಿ, ಚಹಾ ಕುಡಿಯೂಣು" ಅಂದ ತಮ್ಮ. ಭಾವ ಎದ್ದು ಬಂದ. ಮುಂದಿನ ಚುನಾವಣೆಗೆ ಎದುರಿನವರ ಜೊತೆ ಸೇರಿದ. ನಮ್ಮದು ಕೂಡಿದ ಮನೆ, ಅವನ ಮಾತೇ ಮಾತು. "ನಿನ್ನ ತಮ್ಮ ಓಣಿಗೆ ಬಂದರ ಈ ಮನಿ ಬಾಗಲ ತಗೀಬಾರದು. ತಗದ್ರ ಅವನ ಜೀಪ್‌ದಾಗೇ ಹತ್ತಿ ಹೋಗು" ಎಂದು ನನಗೆ ಹೇಳಿದ. ನನ್ನ ಗಂಡ ತಲೆ ಎತ್ತಲಿಲ್ಲ.

ನಮ್ಮ ಓಣಿಯಲ್ಲಿ ಒಂದು ರೂಢಿ ಇದೆ. ಓಟು ಕೇಳಲು ಬಂದವನಿಗೆ ಅವನ ರಕ್ತ ಸಂಬಂಧದ ಮನೆಯವರು ಮೊದಲು ಆರತಿ ಮಾಡಬೇಕು. ಆಮೇಲೆ ಉಳಿದವರು. ಅಂದು ಹೆಂಗಸರೆಲ್ಲ ತಟ್ಟೆ ಹಿಡಿದು ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತು ನನ್ನ ಬಾಗಿಲು ನೋಡುತ್ತಿದ್ದರು. ನಾನು ಕದದ ಸಂದಿಯಿಂದ ಅವರನ್ನು ನೋಡುತ್ತಿದ್ದೆ.

"ಅಕ್ಕಾ" ಎಂದು ತಮ್ಮ ಕರೆದ. ಒಂದೇ ಸಲ.

ಹೊರಗೆ ಬೀಗವಿರಲಿಲ್ಲ. ಮೆಟ್ಟಿಲ ಮೇಲೆ ನನ್ನ ಚಪ್ಪಲಿ ಇತ್ತು. ಅವನೇ ಬೀದರಿನಲ್ಲಿ ಕೊಡಿಸಿದ ಚಪ್ಪಲಿ. ಎದುರು ಮನೆಯ ಮುದುಕಿ ಕೇಳಿದಳು: "ಯಾಕಪ್ಪಾ ವಕೀಲಾ, ನಿಮ್ಮಕ್ಕ ಹೊರಗ ಬರವಲ್ಲಳು?"

"ಹೊಲಕ್ಕ ಹೋಗ್ಯಾಳ, ಆಯಿ. ನಾ ಬರ್ತೇನಂತ ಆಕಿಗೆ ಹೇಳಿದ್ದಿಲ್ಲ."

ಹೀಗೆ ಹೇಳುತ್ತಲೇ ಕಾಲಿನಿಂದ ಮೆಲ್ಲಗೆ ನನ್ನ ಚಪ್ಪಲಿಯನ್ನು ಕಟ್ಟೆಯ ಕೆಳಗೆ ಸರಿಸಿದ. ಯಾರೂ ನೋಡಲಿಲ್ಲ. ನಾನು ನೋಡಿದೆ. ಅವನು ಕೈ ಮುಗಿದು ಮುಂದೆ ನಡೆದ. ಯಾವ ಮನೆಯಲ್ಲೂ ದೀಪ ಹತ್ತಲಿಲ್ಲ. ಒಬ್ಬೊಬ್ಬರಾಗಿ ತಟ್ಟೆ ಒಳಗೆ ಇಟ್ಟರು.

ಅವನು ಸೋತ. ಒಂದು ಬಾಗಿಲಿನಿಂದ ಯಾರೂ ಸೋಲುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ನನ್ನ ಎದೆ ಒಪ್ಪುವುದಿಲ್ಲ. ಅಕ್ಕನೇ ಬಾಗಿಲು ಹಾಕಿಕೊಂಡಳಂತೆ ಎಂಬ ಮಾತು ನಮ್ಮ ಊರಷ್ಟರಲ್ಲೇ ನಿಲ್ಲಲಿಲ್ಲ.

ಮತ್ತೆ ಕೋಟು ಹಾಕಿಕೊಂಡು ಭಾಲ್ಕಿಯ ಕೋರ್ಟಿಗೆ ಹೋದ. ಕಕ್ಷಿದಾರರು ಬರಲಿಲ್ಲ. ಶಾಸಕರಾಗಿದ್ದವರ ಮುಂದೆ ಬದುವಿನ ಜಗಳ ಹೇಗೆ ಒಯ್ಯುವುದೆಂದು ಕೆಲವರಿಗೆ ಅಳುಕು. ಸೋತವನ ಮಾತು ಅಧಿಕಾರಿಗಳು ಕೇಳುತ್ತಾರೆಯೇ ಎಂದು ಕೆಲವರಿಗೆ ಅನುಮಾನ. ಬೆಳಿಗ್ಗೆ ಹೋಗಿ ಖಾಲಿ ಮೇಜಿನ ಮುಂದೆ ಕುಳಿತು ಸಂಜೆ ಬರುತ್ತಿದ್ದ.

ಆದರೂ ಆ ವರ್ಷ ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಬಂದ. ಜೀಪು ಇರಲಿಲ್ಲ, ಬಸ್ಸಿನಲ್ಲಿ ಬಂದಿದ್ದ. ಭಾವ ನೀರು ಕೂಡ ಕೇಳಲಿಲ್ಲ. ದಾರಿಯಲ್ಲಿ ನಾನಾಗಿಯೇ ಬಾಯಿ ತೆಗೆದೆ. ಹೇಳಬೇಕಾದದ್ದು ಬೇರೆ ಇತ್ತು. ಬಂದದ್ದು ಬೇರೆ: "ಆ ದಿನ ಹೊಲದಾಗ ಜೋಳದ ಕೂಳಿ ಆಯಾಕ ಹೋಗಿದ್ದೆ ತಮ್ಮಾ. ನೀ ಬಂದಿದ್ದು ಗೊತ್ತಾಗ್ಲಿಲ್ಲ."

ಅವನು ಕಿಟಕಿಯಾಚೆ ನೋಡಿದ. "ಹೂಂ, ಬಿಸಲು ಭಾಳ ಇತ್ತಕ್ಕಾ" ಅಂದ. ಅಷ್ಟೇ. ಅವನು ನನಗಾಗಿ ಹೇಳಿದ ಸುಳ್ಳನ್ನು ನಾನು ಅವನಿಗೇ ತಿರುಗಿಸಿ ಹೇಳಿದ್ದೆ.

ಆಮೇಲೆಯೂ ಪ್ರತಿ ಪಂಚಮಿಗೆ ಬಂದ. ಪ್ರತಿ ಸಲ ಇವತ್ತು ಹೇಳುತ್ತೇನೆ ಅಂದುಕೊಂಡೆ. ಕಡೆಗೆ ಮೂತ್ರಪಿಂಡ ಕೆಟ್ಟು ಬೀದರಿನ ಆಸ್ಪತ್ರೆಯಲ್ಲಿ ಮಲಗಿದಾಗ ಪಕ್ಕದಲ್ಲಿ ಕುಳಿತು ಪಾದ ಒತ್ತಿದೆ. "ಸಂಜಿ ಬಸ್ ಇನ್ನಾ ಬರ್ತದೇನಕ್ಕಾ?" ಎಂದು ಕೇಳಿದ. ಬರುತ್ತದೆ ಅಂದೆ. "ಹಂಗಾರ ಹೊತ್ತಾಗೂದ್ರಾಗ ಹೊರಡು" ಅಂದ. ಹೊರಟುಬಂದೆ. ಮತ್ತೆ ನೋಡಿದ್ದು ಅವನ ಹೆಣವನ್ನು.

ದಿನಕರ್ಮ ಮುಗಿದ ಮೇಲೆ ಭಾಲ್ಕಿಯ ಅವನ ಮನೆಯಲ್ಲಿ, ಅದೇ ಜಮಖಾನೆಯ ಮೇಲೆ, ಹೆಂಗಸರೆಲ್ಲ ಕುಳಿತಿದ್ದೆವು. ಸಂತಪುರದ ನಮ್ಮ ಓಣಿಯವರೂ ಬಂದಿದ್ದರು. ಯಾರೋ ಆ ಚುನಾವಣೆಯ ಮಾತು ತೆಗೆದರು. ತಮ್ಮನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಪರವಾಗಿ ಅಂದಳು: "ಅಕ್ಕಾರಿಗೆ ಏನೂ ಅನಬ್ಯಾಡ್ರಿ. ಅವತ್ತ ಅವರು ಹೊಲಕ್ಕ ಹೋಗಿದ್ರು. ಇವರೇ ನನಗ ಹೇಳಿದ್ರು. ಇವರು ಮನ್ಯಾಗ ಎಂದೂ ಸುಳ್ಳ ಹೇಳಿಲ್ರಿ."

ಕೂತಲ್ಲೇ ಅವಳ ಕೈ ಹಿಡಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ.

"ಇಲ್ಲ ತಂಗಿ. ನಾ ಹೊಲಕ್ಕ ಹೋಗಿರಲಿಲ್ಲ. ಒಳಗೇ ಇದ್ದೆ. ಅವ ಅಕ್ಕಾ ಅಂದಿದ್ದು ಕೇಳಿಸ್ತು. ನನ್ನ ಮಾನ ಮುಚ್ಚಾಕ ಅವ ಅದೊಂದು ಸುಳ್ಳ ಹೇಳ್ಯಾನ. ನಿನ್ನ ಮುಂದ ತಪ್ಪ ಒಪ್ಪತೇನಿ. ತಮ್ಮಾ, ನಿನ್ನ ಮುಂದ ಹೇಳಾಕ ಆಗಲಿಲ್ಲಪ್ಪಾ. ನಂದು ತಪ್ಪಾತು."