ಸದಣ್ಣ ಬಿಡಿಸದ ಚಿತ್ರಗಳು

ಚಿತ್ರ ಮೂಡುವಾಗ ಸದಣ್ಣ ಕಂಪ್ಯೂಟರಿಗೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಿದ್ದರು. "ನೋಡಿದ್ರೆ ನಡುವೆ ಕೈ ಹಾಕ್ಲಿಕ್ಕೆ ಮನಸ್ಸಾಗ್ತದೆ ಮಾರಾಯ. ಅದರಷ್ಟಕ್ಕೆ ಅದು ಬರ್ಲಿ," ಎನ್ನುತ್ತಿದ್ದರು.

ಕುಕ್ಕುಂದೂರಿನಲ್ಲಿ ಅವರದು ಮದುವೆ ಕಾಗದ ಅಚ್ಚು ಹಾಕುವ ಸಣ್ಣ ಡಿಟಿಪಿ ಅಂಗಡಿ. ಎರಡು ಸಾವಿರದ ಮೂರು-ನಾಲ್ಕರ ಹೊತ್ತು. ಮಣಿಪಾಲದಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಸಂಜೆಗಳನ್ನು ಅಲ್ಲಿ ಕಳೆಯುತ್ತಿದ್ದೆ. ಸದಣ್ಣ ಒಂದು ಪ್ರೋಗ್ರಾಂ ಬರೆದಿದ್ದರು. ಒಂದು ಗೆರೆ ಎಲ್ಲೂ ಕಡಿಯದೆ ಬಳುಕಿ, ತನ್ನನ್ನೇ ದಾಟಿ, ಗಂಟು ಹಾಕಿಕೊಂಡು ಹೊರಟಲ್ಲಿಗೇ ಬರಬೇಕು, ನಿಯಮ ಇಷ್ಟೇ. ಎಲ್ಲಿ ತಿರುಗಬೇಕೆಂಬುದು ಯಂತ್ರಕ್ಕೆ ಬಿಟ್ಟದ್ದು. ಒಂದರಂತೆ ಇನ್ನೊಂದು ಬರುತ್ತಿರಲಿಲ್ಲ. ಆ ಸರಣಿಯನ್ನು ವೆಬ್‌ಸೈಟಿನಲ್ಲಿಟ್ಟು ಮಾರುತ್ತಿದ್ದರು. ಕೊಂಡವರಿಗೆ ಇಮೇಲಿನಲ್ಲಿ ಚಿತ್ರ ಹೋಗುತ್ತಿತ್ತು.

ಕದಿಯುತ್ತಾರೆಂಬ ಭಯ ಮಾತ್ರ ವಿಪರೀತ. ವೆಬ್‌ಸೈಟಿನ ಪ್ರತಿಗೆ ಅಡ್ಡಲಾಗಿ ದಪ್ಪ ಪಟ್ಟಿ ಎಳೆದಿದ್ದರು. ಪ್ರೂಫ್ ನೋಡಲು ಬಂದ ಮದುಮಗನ ಮಾವ ಅತ್ತ ಕಣ್ಣು ಹಾಯಿಸಿದರೂ ಸಾಕು, ಹೆಗಲ ಮೇಲಿನ ಬೈರಾಸು ಮಾನಿಟರಿನ ಮೇಲೆ ಬೀಳುತ್ತಿತ್ತು.

"ಅವರಿಗೆ ಎಂತ ಗೊತ್ತಾಗ್ತದೆ ಸದಣ್ಣ?"

"ಗೊತ್ತಾಗದವರೇ ಮೊದಲು ಕದಿಯುವುದು."

ಇಷ್ಟು ಸಂಶಯದ ಮನುಷ್ಯ ಆ ಚಿತ್ರಗಳ ಕೆಟ್ಟ ಪ್ರಿಂಟುಗಳನ್ನು ಹಳೆಯ ಪೇಪರಿನ ಜೊತೆ ಗುಜರಿಗೆ ಹಾಕಿಬಿಟ್ಟರು.

ಅದೊಂದು ಸಂಜೆ ಏಳೆಂಟು ಜನ ಒಳಗೆ ನುಗ್ಗಿದರು. ಮುಂದಿದ್ದವನ ಕೈಯಲ್ಲಿ ಮಾರ್ಕೆಟಿನಲ್ಲಿ ಒಣಮೀನು ಕಟ್ಟಿಕೊಟ್ಟಿದ್ದ ಕಾಗದ. ಅದರಲ್ಲಿ ಅದೇ ಗೆರೆಯ ಚಿತ್ರ, ಹಿಂಬದಿಯಲ್ಲಿ ಈ ಅಂಗಡಿಯ ಹೆಸರು ಅಚ್ಚಾಗಿತ್ತು.

"ನಾಗದೇವರ ಮಂಡಲದಲ್ಲಿ ಮೀನು ಕಟ್ಟುದಾ? ಯಾರು ಬಿಡಿಸಿದ್ದಿದು?"

"ನಾಗ ಅಲ್ಲ ಅದು, ಬರೀ ಗೆರೆ. ನಾನು ಬಿಡಿಸಿದ್ದೂ ಅಲ್ಲ," ಎಂದರು ಸದಣ್ಣ.

"ಮತ್ತೆ ನಿನ್ನ ಅಜ್ಜ ಬಂದು ಬಿಡಿಸಿದ್ದಾ?"

ಒಬ್ಬ ಮಾನಿಟರಿಗೆ ಕೈ ಹಾಕಿದ. "ನಿಲ್ಲಿ," ಎಂದರು ಸದಣ್ಣ. "ಇನ್ನೊಂದು ಚಿತ್ರ ನಿಮ್ಮೆದುರೇ ಬರ್ಲಿ. ಹೆಡೆ ಬಂದ್ರೆ ಒಡೆಯಿರಿ." ಗುಂಡಿ ಒತ್ತಿ, ಎಂದಿನಂತೆ ಅದಕ್ಕೆ ಬೆನ್ನು ಹಾಕಿ, ಅವರ ಮುಖಗಳನ್ನೇ ನೋಡುತ್ತ ನಿಂತರು.

ಏನು ಬರುತ್ತದೆಂದು ಸದಣ್ಣನಿಗೂ ಗೊತ್ತಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಗೆರೆ ಬಳುಕಿತು, ಗಂಟಾಯಿತು, ಮೇಲೇರಿ ಅಗಲವಾಯಿತು. "ಅಗೋ!" ಎಂದರು ಯಾರೋ. ಹಿಂದೆ ನಿಂತವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಗೆರೆ ಅಲ್ಲೇ ನಿಂತುಬಿಡುತ್ತದೆ. ಅಂದು ನಿಲ್ಲಲಿಲ್ಲ, ಕೆಳಗಿಳಿದು ಹೊರಟಲ್ಲಿಗೇ ಬಂದು ಸೇರಿತು.

ಗುಂಪಿನ ಹಿರಿಯರೊಬ್ಬರು ಬಗ್ಗಿ ನೋಡಿದರು. "ಹೆಡೆ ಇಲ್ಲ, ಬಾಲವೂ ಇಲ್ಲ. ಆದ್ರೆ ನೋಡುವವರಿಗೆ ಹಾಗೇ ಕಾಣ್ತದಲ್ಲ. ಇದು ಬೇಡ, ಎಲ್ಲ ಅಳಿಸು."

ಸದಣ್ಣ ಸರಣಿಯನ್ನೂ ಪ್ರೋಗ್ರಾಮನ್ನೂ ಅವರೆದುರೇ ಅಳಿಸಿದರು. ಮರುದಿನ ವೆಬ್‌ಸೈಟೂ ಹೋಯಿತು. ಅಂಗಡಿ ಮತ್ತೆ ತೆರೆಯಲಿಲ್ಲ.

ಕೆಲವು ತಿಂಗಳ ನಂತರ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನನ್ನ ಕೆಲಸದ ವಿಷಯ ಕೇಳಿದರು, ಚಹಾ ಕುಡಿಸಿದರು. ಬಜಗೋಳಿ ಬಸ್ಸು ಬಂದಾಗ ನನಗೆ ತಡೆಯಲಾಗಲಿಲ್ಲ.

"ಸದಣ್ಣ, ಎಲ್ಲಾದರೂ ಒಂದು ಕಾಪಿ ಉಂಟಾ?"

ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ ನನ್ನ ಮುಖವನ್ನೇ ದಿಟ್ಟಿಸಿದರು.

"ಕೇಳ್ಲಿಕ್ಕೆ ನಿನ್ನನ್ನು ಯಾರು ಕಳ್ಸಿದ್ದು?"

ಉತ್ತರಕ್ಕೆ ಕಾಯದೆ ಹತ್ತಿದರು. ಆಮೇಲೆ ನಾನು ಅವರನ್ನು ನೋಡಿಲ್ಲ.