ಸುಶೀಲವ್ವನ ಜೀಪಿಗೆ ಬಂದ ಬಿಳಿ ಸೀಟು

ಮೋಟೆಬೆನ್ನೂರಿನ ಸುಶೀಲವ್ವನಿಗೆ ಸಿಟ್ಟು ಬರಲು ಕಾರಣವೇ ಬೇಕಾಗಿಲ್ಲ ಎಂದು ಊರವರು ಆಡಿಕೊಳ್ಳುತ್ತಾರೆ. ಸುಳ್ಳು. ಕಾರಣಗಳು ದಂಡಿಯಾಗಿ ಬಿದ್ದಿರುತ್ತವೆ. ಉಳಿದವರು ಕಂಡೂ ಕಾಣದಂತೆ ದಾಟಿಹೋಗುತ್ತಾರೆ, ಈಕೆಗೆ ಅದು ಆಗುವುದಿಲ್ಲ. ಗಂಡ ಪ್ರಭುಲಿಂಗಪ್ಪ ತೀರಿಕೊಂಡಾಗ ಮಾತಾಡಿಸಲು ಬಂದ ನೆಂಟರೊಬ್ಬರು ಅಂಗಳದ ಜೀಪು ನೋಡಿ, "ಇದನ್ನ ಗುಜರಿಗೆ ಹಾಕಿಬಿಡವ್ವ, ಹೆಣ್ಮಗಳು ನೀ ಏನ್ ಓಡಸ್ತಿ" ಅಂದರು. ಅವರು ಉಂಡು ಕೈ ತೊಳೆಯುವಷ್ಟರಲ್ಲಿ ಕೀಲಿಕೈ ಈಕೆಯ ಸೊಂಟದಲ್ಲಿತ್ತು. ಕಣದಲ್ಲಿ ಸುತ್ತು ಹೊಡೆದು ಹೊಡೆದು ಕಲಿತಳು. ಒಂದು ಬಣವೆ, ಒಂದು ಬೇವಿನ ಗಿಡ, ಆಮೇಲೆ ಅದೇ ನೆಂಟರ ಸೈಕಲ್ಲು ಪೆಟ್ಟು ತಿಂದವು. ಸೈಕಲ್ಲಿಗೆ ಬೇಕಂತಲೇ ಗುದ್ದಿದಳು ಎನ್ನುವವರೂ ಇದ್ದಾರೆ.

ಜೀಪಿಗೆ ಕೆಲಸ ಹುಡುಕಿಕೊಟ್ಟದ್ದೂ ಸಿಟ್ಟೇ. ಬ್ಯಾಡಗಿ ಪೇಟೆಯಲ್ಲಿ ಸುಗ್ಗಿ ಬಂತೆಂದರೆ ಸುತ್ತಲ ಹಳ್ಳಿಯ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾರೆ. ದಿನವಿಡೀ ರಾಶಿಯ ಮುಂದೆ ಕುಂತು ಎದ್ದ ಮೇಲೆ ಸೀರೆ, ಸೆರಗು, ತಲೆಗೂದಲು ಎಲ್ಲದರಲ್ಲೂ ಕಾಯಿಯ ಧೂಳು. ಟಂಟಂ ಗಾಡಿಯವರು ಅವರನ್ನು ಕಂಡರೆ ನಿಲ್ಲಿಸುವುದಿಲ್ಲ. ನಿಲ್ಲಿಸಿದರೂ ಒಳಗಿದ್ದವರು ಮೂಗಿಗೆ ಅರಿವೆ ಹಿಡಿದು ತಕರಾರು ತೆಗೆಯುತ್ತಾರೆ. ಅದೇ ಕಾಯಿಯ ಖಾರ ಹಾಕಿದ ಪಲ್ಯ ಉಂಡವರೇ ಇವರೆಲ್ಲ! ಒಂದು ಸಂಜೆ ತನ್ನ ಓಣಿಯ ಸೋಮವ್ವನನ್ನು ಗಾಡಿಯಿಂದ ಅರ್ಧ ದಾರಿಗೆ ಇಳಿಸಿದ್ದನ್ನು ಸುಶೀಲವ್ವ ಕಣ್ಣಾರೆ ಕಂಡಳು. ಮರುದಿನದಿಂದ ಆ ಹೆಂಗಸರೆಲ್ಲ ಜೀಪಿನಲ್ಲಿ ಹೋಗಿಬರತೊಡಗಿದರು. ಹಿಂದೆ ಎದುರುಬದುರು ಎರಡು ಹಲಗೆ, ನಡುವೆ ಅವರ ಬುತ್ತಿಗಂಟು. ಸೀನಿದವರಿಗೆ ಸೀನು, ನಗುವವರಿಗೆ ನಗು.

ಜೀಪಿಗೆ ವಯಸ್ಸಾಯಿತು. ತಗಡು ತೂತುಬಿದ್ದು ಕೆಳಗಿನ ರಸ್ತೆ ಕಾಣುತ್ತಿತ್ತು. ಬ್ರೇಕಂತೂ ಕೇಳಿಕೊಂಡರೆ ಹಿಡಿಯುತ್ತಿತ್ತು. ಈ ವರ್ಷ ಸುಗ್ಗಿ ಮುಗಿದ ಮೇಲೆ ಅದನ್ನು ರಾಣೆಬೆನ್ನೂರಿನ ಮುಜಾಫರನ ಗ್ಯಾರೇಜಿಗೆ ಒಯ್ದು ನಿಲ್ಲಿಸಿದಳು. ಅಂಥ ಗಾಡಿಯ ಸಾಮಾನು ಈಗ ಹಾವೇರಿಯಲ್ಲೂ ಇಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ. ಸಿಗದ್ದನ್ನು ಮುಜಾಫರ ಲೇತಿನ ಮೇಲೆ ಮಾಡಿಸುತ್ತಾನೆ, ಉಳಿದದ್ದನ್ನು ಬೇರೆ ಗಾಡಿಯದು ತಂದು ಕೂಡಿಸುತ್ತಾನೆ. ಆಕೆ ನಿಂತು ಹೇಳಿದ್ದು ಇಷ್ಟು: ಬ್ರೇಕು ಹೊಸದಾಗಲಿ, ಸ್ಟೇರಿಂಗು ಹಗುರಾಗಲಿ, ತಳಕ್ಕೆ ದಪ್ಪ ತಗಡು ಬೀಳಲಿ, ಹಿಂದೆ ಹತ್ತಲು ಒಂದು ತಗ್ಗಿನ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಪೈಪು. ಸೋಮವ್ವನ ಮೊಣಕಾಲು ಮಡಚುವುದಿಲ್ಲ.

ಹಳೆಯ ತಳ ಕತ್ತರಿಸಲು ಮುಜಾಫರ ಗ್ಯಾಸು ಹಚ್ಚಿದ ದಿನ ಒಂದು ಅನಾಹುತವಾಯಿತು. ತಗಡಿನ ಸಂದಿಯಲ್ಲಿ ವರ್ಷಾನುಗಟ್ಟಲೆ ಕೂತಿದ್ದ ಮೆಣಸಿನಕಾಯಿಯ ಧೂಳಿಗೆ ಬೆಂಕಿ ತಾಗಿತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ ಎನ್ನುವವರು ಅದನ್ನು ಸುಟ್ಟು ನೋಡಿಲ್ಲ. ಓಣಿಗೆ ಓಣಿಯೇ ಕೆಮ್ಮುತ್ತ ಹೊರಗೆ ಬಂತು. ಎದುರಿನ ಕಟಿಂಗ್ ಅಂಗಡಿಯಿಂದ ಅರ್ಧ ದಾಡಿ ಮಾಡಿಸಿಕೊಂಡವನೊಬ್ಬ ನೊರೆ ಸಮೇತ ಬಸ್‌ಸ್ಟ್ಯಾಂಡಿನ ಕಡೆ ಓಡಿದ.

"ಅವ್ವಾರ, ನೀವು ತಂದು ನಿಲ್ಲಿಸಿದ್ದು ಜೀಪೋ, ಒಣಮೆಣಸಿನಕಾಯಿ ಚೀಲೋ?" ಎಂದು ಮುಜಾಫರ ಫೋನಿನಲ್ಲೇ ಸೀನಿದ.

"ಘಾಟು ಬಂತಿಲ್ಲೋ? ಅಂದ್ರ ನನ್ನ ಗಾಡಿಗೆ ಯಾರ ದೃಷ್ಟೀನೂ ತಾಗಿಲ್ಲ ಬಿಡು," ಅಂದಳು ಸುಶೀಲವ್ವ.

ಅಷ್ಟು ಬೇಗ ಹೇಳಬಾರದಿತ್ತು. ಮೈದುನನ ಮಗ ವಿಜಯಮಹಾಂತೇಶನ ಕಣ್ಣು ಆಗಲೇ ಅದರ ಮೇಲೆ ಬಿದ್ದಿತ್ತು. ಬ್ಯಾಡಗಿಯಲ್ಲಿ ಮೊಬೈಲ್ ಅಂಗಡಿ, ರವಿವಾರಕ್ಕೊಮ್ಮೆ ಗೆಳೆಯರೊಡನೆ ಗುಡ್ಡ-ಹಳ್ಳದಲ್ಲಿ ಜೀಪು ಹಾರಿಸುವ ಚಟ. "ದೊಡ್ಡವ್ವ, ನೀವು ಅಡ್ಡಾಡಬ್ಯಾಡ್ರಿ, ಗ್ಯಾರೇಜ್ ನಾ ನೋಡ್ಕೋತೇನಿ" ಅಂದ. ಹುಡುಗನಿಗೆ ಜವಾಬ್ದಾರಿ ಬಂತೆಂದು ಆಕೆ ಖುಷಿಪಟ್ಟಳು. ಸಿಟ್ಟಿನವರು ಮೋಸ ಹೋಗುವುದು ಇಂಥ ಕಡೆಯೇ.

ಹೊಸ ಸುಗ್ಗಿಯ ಹೊತ್ತಿಗೆ ಜೀಪು ಮನೆಗೆ ಬಂತು. ಗಣಪತಿಯನ್ನು ಮಾಡು ಅಂದರೆ ಅವರಪ್ಪನನ್ನು ಮಾಡಿಟ್ಟಿದ್ದರು. ಎದೆಯೆತ್ತರದ ಟೈರು, ನೆತ್ತಿಯ ಮೇಲೆ ಸಾಲುದೀಪ, ಮುಂದೆ ಕೆಸರಿನಿಂದ ಎಳೆಯುವ ಹಗ್ಗದ ಯಂತ್ರ. ಬ್ರೇಕು ಚೆನ್ನಾಗಿತ್ತು, ಸ್ಟೇರಿಂಗು ಒಂದೇ ಬೆರಳಿಗೆ ತಿರುಗುತ್ತಿತ್ತು. ಅದನ್ನು ಆಕೆಯೂ ಒಪ್ಪಿಕೊಂಡಳು. ಆದರೆ ಹಿಂದೆ ಹೋಗಿ ನೋಡಿದರೆ ಮೆಟ್ಟಿಲಿಲ್ಲ, ಪೈಪಿಲ್ಲ. ಹಲಗೆಗಳ ಜಾಗದಲ್ಲಿ ಹಾಲಿನಂಥ ಬಿಳಿ ಮೆತ್ತೆಯ ಸೀಟು, ಕೆಳಗೆ ಕಾಲು ಹುಗಿಯುವಂಥ ಕಾರ್ಪೆಟ್ಟು.

"ಇನ್ನ ಮ್ಯಾಲೆ ಆ ಕಾಯಿ ಹೆಣ್ಮಕ್ಕಳನ್ನ ಕುಂದ್ರಿಸಬ್ಯಾಡ್ರಿ ದೊಡ್ಡವ್ವ, ಒಂದs ದಿನಕ್ಕ ಸೀಟ್ ಹಾಳಾಗ್ತಾವ. ರವಿವಾರ ಮೇಡ್ಲೇರಿ ಹೊಳಿದಂಡಿಗೆ ಎಲ್ಲಾರೂ ಗಾಡಿ ತರ್ತಾರ. ನಮ್ಮದs ಎದ್ದು ಕಾಣತೈತಿ," ಅಂದ ವಿಜಯಮಹಾಂತೇಶ.

ಆಕೆ ನೆಟ್ಟಗೆ ಮುಜಾಫರನಿಗೆ ಫೋನು ಹಚ್ಚಿದಳು. ಅವನಿಗೆ ಗಾಬರಿ. "ನೀವs ಹೇಳೀರಂತಲ್ರಿ ಅವ್ವಾರ? ದೊಡ್ಡವ್ವಗ ಮೆಟ್ಟಿಲಾ ಬ್ಯಾಡಂತ, ಬಿಳೀ ಸೀಟs ಬೇಕಂತ, ಅಂತ ಹುಡುಗ ಬಂದು ಹೇಳಿದ್ರಿ."

ತನ್ನ ಗಾಡಿ, ತನ್ನ ಹೆಸರು, ತಾನು ಆಡದ ಮಾತು. ಬೈಗುಳ ಸುಶೀಲವ್ವನ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಆಗಲೇ ಹೆಂಗಸರು ಬುತ್ತಿಗಂಟು ಹಿಡಿದು ಓಣಿಯ ತಿರುವಿನಲ್ಲಿ ಬರುತ್ತಿದ್ದರು. ಕಾಯಿ ಬರುವ ದಿನ, ಪೇಟೆಗೆ ತಡವಾಗಬಾರದು. ಮನೆಯ ಸ್ಟೂಲು ತಂದು ಇಟ್ಟು ಎಲ್ಲರನ್ನೂ ಹತ್ತಿಸಿದಳು. ಹತ್ತಿದವರು ಸೀಟಿನ ಅಂಚಿಗೆ ತುಸುವೇ ತಾಗಿ ಕುಂತರು. ಬ್ಯಾಡಗಿಯವರೆಗೂ ಯಾರೂ ನಗಲಿಲ್ಲ.

ಸಂಜೆ ಪೇಟೆಯ ಕಟ್ಟೆಯ ಹತ್ತಿರ ಜೀಪು ನಿಲ್ಲಿಸಿಕೊಂಡು ಕಾದಳು. ಒಬ್ಬರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಎಲ್ಲರೂ ಪೇಟೆಯ ಗೇಟಿನ ಹೊರಗೆ ರಸ್ತೆಯಲ್ಲಿ ನಿಂತು ಟಂಟಂಗಳಿಗೆ ಕೈ ಮಾಡುತ್ತಿದ್ದರು. ಒಂದು ಗಾಡಿ ನಿಧಾನವಾಯಿತು. ಚಾಲಕ ಅವರ ಸೀರೆ ನೋಡಿದ, ಮುಂದೆ ಹೋದ.

ಸುಶೀಲವ್ವನಿಗೆ ತಡೆಯಲಾಗಲಿಲ್ಲ. "ನಾ ಅಲ್ಲಿ ಗೂಟಾ ನಟ್ಟಂಗ ನಿಂತೇನಿ, ನೀವು ಇಲ್ಲಿ ಇವರ ಕಾಲು ಬೀಳಾಕತ್ತೀರಿ. ನಾಚಿಕಿ ಬರೂದಿಲ್ಲೇನು ನಿಮಗ?"

ಸೋಮವ್ವ ಮೆಲ್ಲಗೆ ಹೇಳಿದಳು: "ಸಿಟ್ಟಾಗಬ್ಯಾಡ್ರಿ ಅವ್ವಾರ. ಗಾಡಿ ಭಾಳ ಚಂದ ಆಗೇತಿ. ಮತ್ತ ಯಾಕ ಹೊಲಸು ಮಾಡೂದು?"

"ಯಾರು ಅಂದಾರ ಹೊಲಸು ಅಂತ?"

"ಯಾರೂ ಅನ್ನಬೇಕಾಗಿಲ್ರಿ. ಎಲ್ಲಿ ಹೋದ್ರೂ ಸೆರಗು ಝಾಡಿಸಿಕೊಂಡು ಒಳಗ ಹೋಗೂದು ನಮಗ ರೂಢಿ ಐತಿ. ಝಾಡಿಸಲಾರದ ಹತ್ತತಿದ್ದಿದ್ದು ನಿಮ್ಮ ಜೀಪೊಂದs ಇತ್ರಿ."

"ಬರ್ರಿ ನನ್ನ ಹಿಂದ" ಎಂದಷ್ಟೇ ಹೇಳಿ ಸುಶೀಲವ್ವ ಗೇಟಿನೊಳಗೆ ನಡೆದಳು.

ಜೀಪಿನ ಹಿಂಭಾಗವನ್ನು ಚೀಲ ಇಳಿಸುವ ಕಟ್ಟೆಗೆ ಸರಿಯಾಗಿ ತಾಗಿಸಿ ನಿಲ್ಲಿಸಿದಳು. ಈಗ ಮೆಟ್ಟಿಲೇ ಬೇಕಿರಲಿಲ್ಲ, ಕಟ್ಟೆಯಿಂದ ನೆಟ್ಟಗೆ ಒಳಗೆ ಹೋಗಬಹುದಿತ್ತು. ಆದರೂ ಹೆಂಗಸರು ಕಟ್ಟೆಯ ತುದಿಯಲ್ಲಿ ನಿಂತು, ಮುಖ ತಿರುಗಿಸಿ, ಸೀರೆ ಝಾಡಿಸತೊಡಗಿದರು. ಅಷ್ಟರಲ್ಲಿ ವಿಜಯಮಹಾಂತೇಶನೂ ಬಂದ. ರವಿವಾರದ ಸಲುವಾಗಿ ಕೀಲಿಕೈ ಕೇಳಲು ಬಂದಿದ್ದ. ಹೆಂಗಸರನ್ನು ಕಂಡು ಸೀಟಿನ ಮೇಲೆ ಹಾಸಲು ಪ್ಲಾಸ್ಟಿಕ್ ಹಾಳೆ ತರಲು ಹೊರಟ.

ಕಟ್ಟೆಯ ಮೂಲೆಯಲ್ಲಿ ದಿನದ ಕಸ ಗುಡಿಸಿಟ್ಟಿದ್ದರು: ಮುರಿದ ತೊಟ್ಟು, ಉದುರಿದ ಬೀಜ, ಕೆಂಪು ಧೂಳು. ಸುಶೀಲವ್ವ ಅದನ್ನು ಅಲ್ಲೇ ಇದ್ದ ಪುಟ್ಟಿಯ ತುಂಬ ಬಾಚಿಕೊಂಡಳು. ಒಳಗೆ ಕಾಲಿಟ್ಟು ಬಿಳಿ ಸೀಟಿನ ಈ ತುದಿಯಿಂದ ಆ ತುದಿಯವರೆಗೆ ಸುರಿದಳು. ಉಳಿದದ್ದನ್ನು ಕಾರ್ಪೆಟ್ಟಿಗೆ ಸುರಿದು, ಕಾಲಿನಿಂದ ತುಳಿದು, ಅಂಗೈಯಿಂದ ಮೆತ್ತೆಗೆ ತಿಕ್ಕಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದರಲ್ಲಿ ಖಾರದ್ದೆಷ್ಟು, ಸಿಟ್ಟಿನದೆಷ್ಟು ಎಂದು ಆಕೆಗೂ ಗೊತ್ತಿರಲಿಲ್ಲ.

"ದೊಡ್ಡವ್ವ, ಏನ್ ಮಾಡಾಕತ್ತೀರಿ, ರವಿವಾರ..." ಎಂದ ವಿಜಯಮಹಾಂತೇಶನ ಮಾತನ್ನು ಸೀನು ನುಂಗಿತು. ಒಂದು, ಎರಡು, ಮತ್ತೆ ಒಂದು.

"ನನ್ನ ಹೆಸರಿಲೆ ಸುಳ್ಳು ಹೇಳೀದಿ, ಅದನ್ನ ಮನ್ಯಾಗ ಕುಂತು ಮಾತಾಡೂಣು. ನಾಳೆ ಮುಂಜಾನೆ ಗಾಡಿ ಮುಜಾಫರನ ಕಡೆ ಹೋಗತೈತಿ, ಮೆಟ್ಟಿಲಾ ಹಾಕಿಸಾಕ. ಈಗ ದಾರಿ ಬಿಡು," ಅಂದಳು ಸುಶೀಲವ್ವ.

ಆಮೇಲೆ ಕೆಂಪಾದ ಕೈಯನ್ನು ತನ್ನ ಸೀರೆಗೇ ಒರೆಸಿಕೊಂಡು ಕಟ್ಟೆಯ ಕಡೆ ತಿರುಗಿದಳು.

"ಬಾ ಸೋಮವ್ವ, ಕುಂದರು."

ಸೋಮವ್ವ ಝಾಡಿಸಲು ಹಿಡಿದಿದ್ದ ಸೆರಗನ್ನು ಹಾಗೆಯೇ ಕೈಬಿಟ್ಟಳು, ಒಳಗೆ ನಡೆದು ಸೀಟಿನ ತುಂಬ ಕುಂತಳು.